ಒಂಬತ್ತನೇ ಸ್ಟೇಷನ್ನಿನ ನೆರಳು

ಬಹಳ ಹಿಂದೆ, ಅಂದರೆ ನಮ್ಮ ಮನೆಯ ಕಂಪ್ಯೂಟರಿಗೆ ಇಷ್ಟು ದಪ್ಪ ಬೆನ್ನಿದ್ದ ಕಾಲದಲ್ಲಿ, ರೈಲು ಓಡಿಸುವ ಆಟವೊಂದರ ಒಳಗೆ ಕಂಬಿಪುರ ಎಂಬ ರಾಜ್ಯವಿತ್ತು. ನಾನು ಅಲ್ಲಿಗೆ ಮೂರು ಸಲ ಹೋಗಿಬಂದಿದ್ದೇನೆ. ಹೇಗೆ ಹೋದೆ ಎಂದು ಕೇಳಬೇಡಿ, ನನ್ನ ಹೆಂಡತಿ ಕೇಳಿ ಕೇಳಿ ಸೋತಿದ್ದಾಳೆ.

ಆ ರಾಜ್ಯ ಹಳಿಯಷ್ಟೇ ಉದ್ದ. ಅಗಲವೋ, ಹಳಿಯಿಂದ ಆಚೆಗೆ ಎರಡು ಹೊಲ ದಾಟಿದರೆ ಭೂಮಿ ಮುಗಿದುಹೋಗುತ್ತಿತ್ತು. ಅಲ್ಲಿನ ಜನ ಹಗಲೆಲ್ಲ ತಂತಮ್ಮ ಕೆಲಸ ಮಾಡಿ, ಸಂಜೆಯಾದರೆ ಹವ್ಯಾಸಕ್ಕೆಂದು ಕೂತು ರಾಜ್ಯವನ್ನೇ ಮಾಡುತ್ತಿದ್ದರು. ಒಬ್ಬ ಕಲ್ಲುಬೆಂಚು ಮಾಡುತ್ತಿದ್ದ, ಇನ್ನೊಬ್ಬ ಬೇವಿನ ಮರ. ಕಾಸು ಕೇಳುತ್ತಿರಲಿಲ್ಲ. ಬುಡದಲ್ಲಿ ಮಾಡಿದವನ ಹೆಸರಿದ್ದರೆ ಸಾಕು, ಬೇಕಾದವರು ಅದರದೇ ಅಚ್ಚು ತೆಗೆದು ಒಯ್ದು ತಮ್ಮೂರಲ್ಲಿ ನೆಡಬಹುದು. ಹಾಗಾಗಿ ಇಡೀ ರಾಜ್ಯದ ಬೇವಿನ ಮರಗಳಲ್ಲಿ ಅದೇ ಕೊಂಬೆ, ಆ ಕೊಂಬೆಯ ಮೇಲೆ ಅದೇ ಕಾಗೆ.

ಆ ಹಳಿಯ ಮೇಲೆ ಕರಿಗೂಳಿ ಎಂಬ ಜೀವಂತ ರೈಲು ಓಡುತ್ತಿತ್ತು. ಹಗಲು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತಿತ್ತು, ಕತ್ತಲಾದ ಮೇಲೆ ಬೆಳಕು ಕಂಡಲ್ಲಿ ಮಾತ್ರ. ಯಾರ ಚೀಟಿಯಲ್ಲಿ ಯಾವ ಊರೋ, ಅದೇ ಊರಲ್ಲಿ ಅವರಿಗೆ ಬಾಗಿಲು ತೆರೆಯುತ್ತಿತ್ತು. ಬೇರೆ ಕಡೆ ಎಷ್ಟು ಗುದ್ದಿದರೂ ಇಲ್ಲ.

ದೀಪಗಳ ಯಜಮಾನ ಮಬ್ಬರಾಯ ಎಂಬ ಮಾಂತ್ರಿಕ. ನೀರಿನ ಟ್ಯಾಂಕಿಯ ಮೇಲೆ ಅವನ ವಾಸ. ಅವನ ಹೆಗಲ ಮೇಲೆ ಎಂಟು ಕಣ್ಣಿನ ಗೂಬೆ. ಗೂಬೆಯ ಒಂದು ಕಣ್ಣು ಒಂದು ದೀಪವನ್ನು ನೋಡುತ್ತಿದ್ದರೆ ಮಾತ್ರ ಆ ದೀಪ ಉರಿಯಬೇಕು, ಅದು ಮಬ್ಬರಾಯನ ಮಂತ್ರ. ಎಂಟು ಸ್ಟೇಷನ್, ಎಂಟು ದೀಪ, ಎಂಟು ಕಣ್ಣು. ಪಾಪ, ಗೂಬೆ ಒಂದು ರಾತ್ರಿಯೂ ನಿದ್ದೆ ಮಾಡಿರಲಿಲ್ಲ.

ಹಳಿ ಸುತ್ತು ಹಾಕಿ ಹಿಂದಿರುಗುವ ತುದಿಯ ಊರಲ್ಲಿ ತಿಪ್ಪೇಶ ಎಂಬ ಯುವಕನಿದ್ದ. ಕರಿಗೂಳಿ ಆ ಊರನ್ನು ಹಾಯುತ್ತಿದ್ದದ್ದು ದಿನಕ್ಕೊಮ್ಮೆ, ಕತ್ತಲಾದ ಮೇಲೆಯೇ. ಸ್ಟೇಷನ್ನುಗಳ ಹೆಸರಿನ ಹಲಗೆಗೆ ಬಣ್ಣ ಬಳಿಯುವುದು ಅವನ ಕೆಲಸ. ತನ್ನ ಊರಿಗೂ ಒಂದು ಸ್ಟೇಷನ್ ಬೇಕೆಂದು ಎರಡು ವರ್ಷ ಸಂಜೆ ಸಂಜೆ ಕೂತು ಒಂಬತ್ತನೆಯದನ್ನು ಕಟ್ಟಿದ. ಎಂಥ ಸ್ಟೇಷನ್! ಹಂಚಿನ ಮೇಲಿನ ಪಾಚಿಯನ್ನೂ ಬಿಡದೆ ಮಾಡಿದ್ದ. ಒಂದು ದೀಪದ ಕಂಬವನ್ನೂ ನೆಟ್ಟ. ಮೊದಲ ಚೀಟಿಯನ್ನು ತಾಯಿ ಪಾಲವ್ವನ ಕೈಗಿಟ್ಟು, "ಹೋಗಿ ಬಾರವ್ವ, ಐದನೇ ಸ್ಟೇಷನ್ನಿನಲ್ಲಿ ಕಿಟಕಿಯಿಂದಲೇ ಬದನೆಕಾಯಿ ತಗೊಂಡು ನಮ್ಮ ಸ್ಟೇಷನ್ನಿಗೇ ಇಳಿ" ಎಂದ.

ಪಾಲವ್ವ ಬೆಳಿಗ್ಗೆ ಎಂಟನೇ ಸ್ಟೇಷನ್ನಿಗೆ ನಡೆದು ಹೋಗಿ ರೈಲು ಹತ್ತಿದಳು. ಕರಿಗೂಳಿ ತಿರುಗಿ ಬರುವಷ್ಟರಲ್ಲಿ ಕತ್ತಲು. ತಿಪ್ಪೇಶ ದೀಪ ಹಚ್ಚಿದ, ಹತ್ತಲಿಲ್ಲ. ಗೂಬೆಗೆ ಒಂಬತ್ತನೇ ಕಣ್ಣು ಎಲ್ಲಿಂದ ಬರಬೇಕು? ರೈಲು ಬುಸ್ಸೆಂದು ದಾಟಿಹೋಯಿತು. ಒಳಗೆ ಪಾಲವ್ವ, ಅವಳ ಮಡಿಲಲ್ಲಿ ಬದನೆಕಾಯಿ.

ಹೀಗೇ ಮೂರು ವರ್ಷ. ದಿನಾ ರಾತ್ರಿ ರೈಲು ದಾಟುವಾಗ ಕಿಟಕಿಯಿಂದ ಒಂದು ಮಾತಿಗಷ್ಟೇ ಪುರುಸೊತ್ತು.

"ಊಟ ಆಯ್ತೇನೋ?"

"ಆಯ್ತವ್ವಾ!"

ಅಷ್ಟೇ. ಮರುದಿನ ಮತ್ತೆ ಅದೇ.

ತಿಪ್ಪೇಶ ಮಬ್ಬರಾಯನ ಕಾಲು ಹಿಡಿದ. "ಇನ್ನೊಂದೇ ಒಂದು ದೀಪ, ಸ್ವಾಮಿ."

"ಎಂಟೇ ಕಣೋ."

"ಯಾಕೆ ಸ್ವಾಮಿ ಎಂಟೇ?"

"ಯಾಕಂದ್ರೆ ಎಂಟೇ. ಹೋಗು, ನಾಳೆ ಬಂದು ಮತ್ತೆ ಬೇಡಿಕೋ. ನೀನು ಬೇಡೋದು ಕೇಳೋಕೆ ಚೆನ್ನಾಗಿರ್ತದೆ."

ಒಂದು ರಾತ್ರಿ ಕಿಟಕಿಯಿಂದ ಬೇರೆ ಮಾತು ಬಂತು. "ಮಗಾ, ಚೀಟಿ ಶಾಯಿ ಮಾಸ್ತಾ ಐತೆ, ಇನ್ನು ಮೂರು ರಾತ್ರಿ!" ಶಾಯಿ ಪೂರ್ತಿ ಅಳಿಸಿದರೆ ಚೀಟಿಯಲ್ಲಿ ಊರಿಲ್ಲ. ಊರಿಲ್ಲದವರಿಗೆ ಬಾಗಿಲು ಎಲ್ಲೂ ತೆರೆಯುವುದಿಲ್ಲ, ಎಂದೆಂದಿಗೂ.

ಮೊದಲನೆಯ ರಾತ್ರಿ ತಿಪ್ಪೇಶ ಮಿಂಚುಹುಳಗಳನ್ನು ಹಿಡಿದು ತಂದ. ಲೆಕ್ಕ ಹಾಕದೆ ಬುಟ್ಟಿ ತುಂಬಾ ತಂದ, ಪ್ಲಾಟ್‌ಫಾರಂ ಮೇಲೆ ಬಿಟ್ಟ. ಗೂಬೆ ಬೆಚ್ಚಿತು. ಹೊಳೆಯುವ ಒಂದೊಂದು ಹುಳದ ಮೇಲೂ ಒಂದೊಂದು ಕಣ್ಣಿಟ್ಟು, ಎಂಟು ಹುಳ ನೋಡುವಷ್ಟರಲ್ಲಿ ಎಂಟು ಸ್ಟೇಷನ್ನುಗಳೂ ಢಂ! ಇಡೀ ಕಂಬಿಪುರ ಕಾಡಿಗೆಯಾಯಿತು. ಕತ್ತಲಲ್ಲಿ ಮೂರನೇ ಸ್ಟೇಷನ್ನಿನ ಮುದುಕನೊಬ್ಬ ತನ್ನ ಹಾಸಿಗೆಯೆಂದು ಎಮ್ಮೆಯ ಮೇಲೆ ಮಲಗಿದ. ಎಮ್ಮೆ ಏನೂ ಅನ್ನಲಿಲ್ಲ, ನಾನೇ ವಿಚಾರಿಸಿದ್ದೇನೆ. ಗೂಬೆಯ ಕಣ್ಣು ಬೀಳದ ಹುಳಗಳೂ ಆರಿದ್ದವು; ಉಳಿದ ಎಂಟು ಹುಳದ ಬೆಳಕನ್ನು ಕರಿಗೂಳಿ ಲೆಕ್ಕಕ್ಕೇ ಹಿಡಿಯಲಿಲ್ಲ, ದಾಟಿಹೋಯಿತು. "ಊಟ ಆಯ್ತೇನೋ?" ಎಂಬ ದನಿ ಮಾತ್ರ ಕತ್ತಲಲ್ಲಿ ತೇಲಿ ಬಂತು.

ಎರಡನೆಯ ದಿನ ಮುಸ್ಸಂಜೆ ತಿಪ್ಪೇಶ ಕುಗ್ಗಿ ಕೂತು ತಲೆಯೆತ್ತಿದರೆ, ಚಂದ್ರ. ಆಗ ಅವನಿಗೆ ಒಂದು ವಿಷಯ ಹೊಳೆಯಿತು. ಚಂದ್ರ ಬೆಳಗುತ್ತಿದ್ದಾನೆ, ಆದರೆ ಗೂಬೆಯ ಯಾವ ಕಣ್ಣೂ ಅವನ ಮೇಲಿಲ್ಲ!

ಸಿಗ್ನಲ್ ಕಂಬದ ಏಣಿ ಹೊತ್ತು ಎರಡು ಹೊಲ ದಾಟಿ ಭೂಮಿಯ ಅಂಚಿಗೆ ಹೋದ. ಅಂಚಿನಾಚೆ ಬಗ್ಗಿ ನೋಡಿದರೆ ತಳವೇ ಇಲ್ಲದ ನೀಲಿ. ಎದುರಿಗೆ ಆಕಾಶ ಗೋಡೆಯ ಹಾಗೆ ನಿಂತಿತ್ತು. ತಿಪ್ಪೇಶ ಏಣಿಯನ್ನು ಆಕಾಶಕ್ಕೇ ಒರಗಿಸಿ ಹತ್ತಿದ. ಹತ್ತಿದ, ಹತ್ತಿದ, ಕೊನೆಗೆ ಕೈ ಚಂದ್ರನಿಗೆ ತಾಗಿತು. ಮೊರದಷ್ಟು ಅಗಲ. ಬಿಸಿಯಿಲ್ಲ, ತಂಪಿಲ್ಲ. ಉಗುರಿನಲ್ಲಿ ಕೆರೆದರೆ ಬೆರಳಿಗೆ ಬಂತು. ಚಂದ್ರ ಬರೀ ಬಣ್ಣ! ತನ್ನಷ್ಟಕ್ಕೆ ತಾನು ಹೊಳೆಯುವ ಬಣ್ಣ. ಯಾವ ಕಾಲದ ಯಾವ ಹವ್ಯಾಸಿ ಏಣಿ ಹತ್ತಿ ಬಂದು ಇದನ್ನು ಬಳಿದು ಹೋಗಿದ್ದನೋ! ತಿಪ್ಪೇಶ ಅಂಚಿನಲ್ಲಿ ಹೆಸರಿದೆಯೇ ಎಂದು ಹುಡುಕಿದ. ಇರಲಿಲ್ಲ. ಹೆಸರಿಲ್ಲದ ಅವನಿಗೆ ಕೈಮುಗಿದು, ಒಂದು ಬಟ್ಟಲು ಕೆರೆದುಕೊಂಡು ಇಳಿದ.

ತನ್ನ ದೀಪದ ಕಂಬದ ಬುಡದಲ್ಲಿ ನೆಲಕ್ಕೆ ಬೆಳಕಿನ ದುಂಡು ಬರೆದ. ಕಿಟಕಿಗಳಿಗೆ ಹಚ್ಚಿದ, ಬೆಂಚಿನ ಅಂಚಿಗೆ ಒಂದು ಗೆರೆ, ಬೇವಿನ ಎಲೆಗಳ ತಳಕ್ಕೆ ಚುಕ್ಕೆ ಚುಕ್ಕೆ. ದೀಪವಿಲ್ಲ, ಆದರೂ ಸ್ಟೇಷನ್ ಬೆಳಗಿತು. ಗೂಬೆ ಇತ್ತ ತಿರುಗಲೇ ಇಲ್ಲ.

ಕರಿಗೂಳಿ ಬಂತು. ನಿಧಾನವಾಯಿತು. ಮೂಸಿತು. ಏನೋ ಸರಿಯಿಲ್ಲವೆಂದು ಹೊಗೆ ಬಿಟ್ಟು ಮತ್ತೆ ಓಡಿತು! ಆದರೆ ಕಿಟಕಿಯಿಂದ ಪಾಲವ್ವ ಆ ದಿನ ಊಟ ಕೇಳಲಿಲ್ಲ.

"ನೆರಳೆಲ್ಲೋ, ಮಗಾ?"

ಹೌದಲ್ಲ! ಬೆಳಕಿದ್ದಲ್ಲಿ ನಿಂತವನಿಗೆ ನೆರಳಿರಬೇಕು. ಬರೆದ ಬೆಳಕಿನಲ್ಲಿ ಅವನು ನೆರಳಿಲ್ಲದೆ ನಿಂತಿದ್ದ. ಕರಿಗೂಳಿ ದೆವ್ವದ ಸ್ಟೇಷನ್ ಎಂದುಕೊಂಡಿತ್ತು.

ಮೂರನೆಯ ದಿನ ಸಂಜೆ, ಇಳಿಬಿಸಿಲಿಗೆ ಬೆನ್ನು ಮಾಡಿ ತಿಪ್ಪೇಶ ಕಂಬದಡಿ ನಿಂತ. ನೆರಳು ಉದ್ದಕ್ಕೆ ಬಿತ್ತು. ಬರೆಯೋಣವೆಂದು ಬಗ್ಗಿದರೆ ನೆರಳೂ ಬಗ್ಗಿತು! ನಿಂತರೆ ಅದೂ ನಿಂತಿತು. ಆದರೆ ಕಂಬಿಪುರದ ನೆರಳುಗಳಿಗೆ ಒಂದು ಸೋಮಾರಿತನವಿತ್ತು: ಮನುಷ್ಯ ಕದಲಿದ ಮೇಲೆ ಒಂದು ಉಸಿರು ಬಿಟ್ಟು ಅವು ಕದಲುತ್ತಿದ್ದವು. ತಿಪ್ಪೇಶ ಛಂಗನೆ ಹಾರಿ, ನೆರಳಿಗೆ ಗೊತ್ತಾಗುವ ಮೊದಲೇ ಇದ್ದಲಿನಿಂದ ಗೆರೆ ಎಳೆದ. ಮತ್ತೆ ನಿಂತ, ಮತ್ತೆ ಹಾರಿದ. ನಲವತ್ತು ಸಲ ಹಾರಿ ತನ್ನ ನೆರಳನ್ನು ನೆಲಕ್ಕಿಳಿಸಿದ.

ಅಷ್ಟರಲ್ಲಿ ಸುದ್ದಿ ತಿಳಿದು ಮಬ್ಬರಾಯ ಗೂಬೆಯ ಸಮೇತ ಹಾರಿಬಂದ. "ಯಾವನೋ ಅವನು ಒಂಬತ್ತನೇದು ಹಚ್ಚಿದೋನು?" ಎಂದು ಉಫ್ ಎಂದ. ಬೆಳಕು ಅಲುಗಲಿಲ್ಲ. ಮತ್ತೆ ಉಫ್! ಬೇವಿನ ಕೊಂಬೆ ಮುರಿಯಿತು, ಕಾಗೆ ಹಾರಿತು, ಬೆಳಕು ಅಲುಗಲಿಲ್ಲ.

"ಎಣಿಸೇ!" ಎಂದು ಗೂಬೆಗೆ ಅರಚಿದ.

"ಎಂಟೇ ಇವೆ ಒಡೆಯಾ," ಎಂದಿತು ಗೂಬೆ. "ಇದು ದೀಪ ಅಲ್ಲ. ಇದನ್ನ ಯಾರೂ ಕಾಯಬೇಕಿಲ್ಲ." ಕಾಯಬೇಕಿಲ್ಲದ ಬೆಳಕನ್ನು ಅದು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮಬ್ಬರಾಯ ಇದ್ದಬದ್ದ ಉಸಿರೆಲ್ಲ ಎಳೆದು ಮೂರನೆಯ ಸಲ ಊದಿದ. ಊದುತ್ತ ಊದುತ್ತ ಅವನೊಳಗಿನ ಮಾಯೆಯೆಲ್ಲ ಗಾಳಿಯಾಗಿ ಹೋಯಿತು. ಕೊನೆಗೆ ಬೆಂಚಿನ ಮೇಲೆ ಉಳಿದದ್ದು ಕೆಮ್ಮುವ ಒಬ್ಬ ಸಣ್ಣ ಮುದುಕ.

ಆಗ ಕರಿಗೂಳಿ ಬಂತು. ಬೆಳಕು ಕಂಡಿತು. ಬೆಳಕಿನಲ್ಲಿ ಕಾಯುತ್ತ ನಿಂತ ನೆರಳು ಕಂಡಿತು. ಕೀಂಯ್ ಎಂದು ನಿಂತಿತು, ಮೂರು ವರ್ಷದ ಮೇಲೆ. ಬಾಗಿಲು ತೆರೆಯಿತು. ಚೀಟಿಯಲ್ಲಿ ಒಂದು ಚುಕ್ಕೆಯಷ್ಟು ಶಾಯಿ ಉಳಿದಿತ್ತು.

ಪಾಲವ್ವ ಇಳಿದಳು. ಮೊದಲು ಮಗನನ್ನು ನೋಡಲಿಲ್ಲ, ನೆಲದ ಮೇಲಿನ ನೆರಳನ್ನು ನೋಡಿದಳು.

"ಏನೋ ಇದು, ಕಡ್ಡಿ ಆಗಿದೀಯ! ದಿನಾ ಆಯ್ತವ್ವ, ಆಯ್ತವ್ವ ಅಂತ ಸುಳ್ಳು ಹೇಳ್ತಿದ್ಯಾ?"

ಬದನೆಕಾಯಿ ಬಾಡಿರಲಿಲ್ಲ, ಆಟದೊಳಗಿನ ಬದನೆಕಾಯಿ ನೋಡಿ. ಆ ರಾತ್ರಿ ಎಣ್ಣೆಗಾಯಿ ಮಾಡಿದಳು. ಮಬ್ಬರಾಯನೂ ಉಂಡು ಇನ್ನೊಂದು ರೊಟ್ಟಿ ಕೇಳಿದ. ಬೇಡಿ ತಿನ್ನುವ ರುಚಿ ಅವನಿಗೆ ಅವತ್ತೇ ತಿಳಿದದ್ದು. ಗೂಬೆ ಎಂಟೂ ಕಣ್ಣು ಮುಚ್ಚಿ ಮಲಗಿದ್ದು ಇನ್ನೂ ಎದ್ದಿಲ್ಲ.

ತಿಪ್ಪೇಶ ತನ್ನ ಬೆಳಕನ್ನು ಎಲ್ಲರಿಗೂ ಹಂಚಿದ. ಅಲ್ಲಿನ ಪದ್ಧತಿ ಗೊತ್ತಲ್ಲ, ಜನ ಅದರದೇ ಅಚ್ಚು ತೆಗೆದು ಒಯ್ದು ತಮ್ಮ ತಮ್ಮ ಊರಲ್ಲಿ ಹಾಸಿದರು, ನೆರಳಿನ ಸಮೇತ. ಇವತ್ತು ಕಂಬಿಪುರದಲ್ಲಿ ನೂರಾರು ಸ್ಟೇಷನ್ನುಗಳಿವೆ, ಎಲ್ಲವೂ ಬೆಳಗುತ್ತವೆ, ಜನ ಉಂಡು ನಕ್ಕು ಸುಖವಾಗಿದ್ದಾರೆ. ಮತ್ತೆ ಒಂದೊಂದು ಸ್ಟೇಷನ್ನಿನ ದೀಪದ ಕಂಬದಡಿಯಲ್ಲೂ, ನಿಂತವರು ಯಾರೂ ಇಲ್ಲದೆ, ಅವ್ವನನ್ನು ಕಾಯುವ ಅದೇ ಬಡಕಲು ನೆರಳು. ಅದನ್ನು ಕಂಡು ಯಾವ ರೈಲೂ ನಿಲ್ಲದೆ ಹೋಗುವುದಿಲ್ಲ.