ಹಿಂದಿನ ಸೀಟಿನ ಅಲುಗಾಟ

"ಅಮ್ಮಾ, ಮತ್ತೆ ಅಲ್ಲಾಡ್ತು."

"ಏನು ಅಲ್ಲಾಡ್ತು?"

"ಹಿಂದಿನ ಚಕ್ರ. ಈ ಕಡೆ ಆ ಕಡೆ ಹೋಯ್ತು."

ಅಮ್ಮ ಬೈಕಿನ ವೇಗ ತಗ್ಗಿಸಲಿಲ್ಲ. ತಗ್ಗಿಸುವ ಹಾಗೂ ಇರಲಿಲ್ಲ. ಸೇತುವೆಯ ಮೇಲೆ ಅವರ ಬೆನ್ನಿಗೇ ಒಂದು ಲಾರಿ ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಗುಬ್ಬಿ ಎರಡೂ ಕೈಯಿಂದ ಅಮ್ಮನ ಸೊಂಟ ತಬ್ಬಿಕೊಂಡು ಕಣ್ಣು ಮುಚ್ಚಿದಳು. ಸೇತುವೆ ಮುಗಿದು ರಸ್ತೆ ತಿರುಗುವ ಕಡೆ ಸೀಟು ಮತ್ತೊಮ್ಮೆ ಪಕ್ಕಕ್ಕೆ ಜಾರಿದಂತಾಯಿತು. ಅವಳಿಗೆ ಜೀವವೇ ಬಾಯಿಗೆ ಬಂತು.

ಶಾಲೆಯ ಗೇಟಿನ ಮುಂದೆ ಇಳಿದವಳೇ ಗುಬ್ಬಿ ಬಗ್ಗಿ ಹಿಂದಿನ ಚಕ್ರ ನೋಡಿದಳು. ಅಮ್ಮ ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು.

"ನಂಗೇನೂ ಗೊತ್ತಾಗ್ಲಿಲ್ಲ ಕಣೇ. ಗಾಡಿ ನೆಟ್ಟಗೇ ಹೋಗ್ತಿದೆ. ಮೊನ್ನೆ ತಾನೆ ರಿಪೇರಿ ಮಾಡಿಸಿದೀವಲ್ಲ."

ಅಲ್ಲೇ ಇತ್ತು ತಾಪತ್ರಯ. ರಿಪೇರಿಗೆ ಮೊದಲು ಬೈಕಿಗೆ ಇದ್ದದ್ದು ಒಂದೇ ಕಾಯಿಲೆ, ಹಳೇ ಚೈನು ಕಟಕಟ ಅನ್ನುತ್ತಿತ್ತು. ಗ್ಯಾರೇಜಿನವರು ಹೊಸ ಚೈನು ಹಾಕಿದರು, ಕಟಕಟ ನಿಂತಿತು. ಅದರ ಜಾಗಕ್ಕೆ ಈ ಅಲುಗಾಟ ಬಂದು ಕೂತಿತು. ಅಮ್ಮ ಒಬ್ಬಳೇ ಓಡಿಸುವಾಗ ಅದು ಸುಮ್ಮನಿರುತ್ತಿತ್ತು. ಗುಬ್ಬಿ ಹಿಂದೆ ಹತ್ತಿದಳೋ, ಶುರು.

ಗುಬ್ಬಿಯ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರದ್ದೂ ತಪ್ಪಲ್ಲ ಬಿಡಿ. ಗುಬ್ಬಿಗೆ ಹಲ್ಲಿ ಕಂಡರೆ ಹೆದರಿಕೆ, ಮಿಕ್ಸಿ ಸದ್ದಿಗೆ ಹೆದರಿಕೆ, ಬಲೂನು ಊದುವವರನ್ನು ಕಂಡರೂ ಹೆದರಿಕೆ. ಅಮ್ಮನ ಕೆಲಸ ಮನೆಮನೆಗೆ ಹೋಗಿ ಲ್ಯಾಬಿಗೆ ರಕ್ತದ ಸ್ಯಾಂಪಲ್ ತರುವುದು. ಊರಿಗೆಲ್ಲ ಸೂಜಿ ಚುಚ್ಚುವ ಆ ತಾಯಿಗೆ, ಸೂಜಿ ಎಂಬ ಮಾತು ಕೇಳಿದರೇ ಮಂಚದ ಕೆಳಗೆ ಸೇರುವ ಈ ಮಗಳು.

"ಇವಳು ತನ್ನ ನೆರಳಿಗೇ ಹೆದರೋ ಪುಕ್ಕಲಿ," ಎಂದು ಅಣ್ಣ ನಕ್ಕಿದ್ದ. "ಚಕ್ರ ಸರಿಯಾಗೇ ಇದೆ. ಅಲ್ಲಾಡ್ತಿರೋದು ನೀನೇ ಕಣೇ."

ಆ ಮಾತು ಗುಬ್ಬಿಯ ತಲೆಯಲ್ಲಿ ಕೂತುಬಿಟ್ಟಿತ್ತು. ನಿಜಕ್ಕೂ ನಾನೇ ನಡುಗ್ತಿದೀನಾ? ಗಣಿತದ ಪೀರಿಯಡ್ಡಿನಲ್ಲಿ ಟೀಚರ್ ಬೋರ್ಡಿನ ಮೇಲೆ ಬರೆದದ್ದು ಅವಳಿಗೆ ಕಾಣಲೇ ಇಲ್ಲ. ಅಮ್ಮ ಈಗ ಎಲ್ಲಿರಬಹುದು? ಯಾವ ರಸ್ತೆಯಲ್ಲಿ? ಶಾಲೆಯ ಆಫೀಸಿನಲ್ಲಿ ಫೋನ್ ರಿಂಗಾದಾಗಲೆಲ್ಲ ಬಾಗಿಲ ಕಡೆ ತಿರುಗುತ್ತಿದ್ದಳು. ಯಾರಾದರೂ ಬಂದು "ಗುಬ್ಬಿ, ಬ್ಯಾಗ್ ತಗೊಂಡು ಬಾ" ಎಂದರೆ? ಆ ಚಕ್ರ ಇವತ್ತಲ್ಲ ನಾಳೆ ಅಮ್ಮನನ್ನು ಬೀಳಿಸಿಯೇ ಬೀಳಿಸುತ್ತದೆ ಎಂದು ಅವಳಿಗೆ ಅನಿಸುತ್ತಿತ್ತು.

ಸಂಜೆ ಅಮ್ಮ ಗೇಟಿಗೆ ಬಂದಳು. ಗುಬ್ಬಿ ಬೈಕ್ ಹತ್ತಲಿಲ್ಲ.

"ನಾನು ನಡ್ಕೊಂಡು ಬರ್ತೀನಿ."

"ಅಷ್ಟು ದೂರ? ತಲೆ ಕೆಟ್ಟಿದ್ಯಾ?"

"ನೀನೂ ಇದ್ರಲ್ಲಿ ಹೋಗ್ಬೇಡಮ್ಮ." ಇಷ್ಟು ಹೇಳುವಷ್ಟರಲ್ಲಿ ಗುಬ್ಬಿಗೆ ಅಳು ನುಗ್ಗಿ ಬಂತು. ಮೂಗು ಸೋರಿತು. ಗೆಳತಿಯರು ನೋಡುತ್ತಿದ್ದರೂ ಅವಳಿಗೆ ನಾಚಿಕೆಯಾಗಲಿಲ್ಲ, ಅಷ್ಟು ಭಯ.

ಅಮ್ಮ ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಮಗಳ ಕೈ ಹಿಡಿದು ನೋಡಿದಳು. ಕೈ ತಣ್ಣಗಿತ್ತು.

"ಸರಿ. ಗ್ಯಾರೇಜ್ ಇಲ್ಲೇ ಇದೆಯಲ್ಲ, ತೋರಿಸೇ ಬಿಡೋಣ ನಡಿ."

ಗ್ಯಾರೇಜೆಂದರೆ ಒಂದು ಶಟರ್, ಅದರ ಮುಂದೆ ಎಣ್ಣೆ ಕುಡಿದು ಕುಡಿದು ಕಪ್ಪಾದ ನೆಲ. ಸಾಲಾಗಿ ನಿಂತ ಬೈಕುಗಳಲ್ಲಿ ಒಂದಕ್ಕೆ ಸೀಟಿಲ್ಲ, ಇನ್ನೊಂದಕ್ಕೆ ಮುಂದಿನ ಚಕ್ರವೇ ಇಲ್ಲ. ಮೆಕ್ಯಾನಿಕ್ಕಿಗೆ ಊರವರೆಲ್ಲ ಟಿಪ್‌ಟಾಪ್ ಅಂಕಲ್ ಎನ್ನುತ್ತಿದ್ದರು. ಯಾವ ಗಾಡಿ ಬರಲಿ, ಹೇಗಾದರೂ ಇರಲಿ, ಅವರು ಹೇಳುತ್ತಿದ್ದದ್ದು ಅದೊಂದೇ ಮಾತು. ಆಳು ದಪ್ಪ, ದನಿ ಅದಕ್ಕಿಂತ ದಪ್ಪ.

ಅಂಕಲ್ ಫೋನಿನಲ್ಲಿ ಮಾತಾಡುತ್ತಲೇ ಅಮ್ಮ ಹೇಳಿದ್ದನ್ನು ಕೇಳಿಸಿಕೊಂಡರು. ಬಗ್ಗಿ ನೋಡಲಿಲ್ಲ. ನಿಂತಲ್ಲಿಂದಲೇ ಹಿಂದಿನ ಟೈರಿಗೆ ಕಾಲಿನಿಂದ ಒಂದು ಒದೆ ಕೊಟ್ಟರು, ಅದೇ ಪರೀಕ್ಷೆ.

"ಟಿಪ್‌ಟಾಪ್ ಇದೆ ಮೇಡಂ."

"ಒಂದ್ಸಲ ಓಡಿಸಿ ನೋಡಿ. ಮಗು ತುಂಬಾ ಹೆದರ್ಕೊಂಡಿದಾಳೆ."

ಅಂಕಲ್ ನಿಟ್ಟುಸಿರು ಬಿಟ್ಟು, ಒಬ್ಬರೇ ಬೈಕ್ ಹತ್ತಿ ಭರ್ ಎಂದು ಹೋಗಿ, ಭರ್ ಎಂದು ಬಂದರು. "ಬೆಣ್ಣೆ ಹಂಗೆ ಹೋಗ್ತಿದೆ," ಎಂದವರೇ ಗುಬ್ಬಿಯ ಕಡೆ ಬಾಗಿದರು. "ಏನಮ್ಮಾ, ಟಿವಿ ಜಾಸ್ತಿ ನೋಡ್ತೀಯಾ? ನೀನು ಹುಟ್ಟೋಕೆ ಮುಂಚಿನಿಂದ ನಾನು ಗಾಡಿ ಬಿಚ್ತಿದೀನಿ. ನನಗೆ ಗೊತ್ತಾಗದ್ದು ನಿನಗೆ ಗೊತ್ತಾಯ್ತಾ?"

ಕಾಯುತ್ತಿದ್ದ ಗಿರಾಕಿಗಳು ನಕ್ಕರು. ಗುಬ್ಬಿ ಅಮ್ಮನ ಬೆನ್ನ ಹಿಂದೆ ಸರಿದು ನಿಂತಳು.

"ಹೋಗ್ಲಿ ಬಿಡಿ," ಅಮ್ಮ ಮುಜುಗರದಿಂದ ಹೆಲ್ಮೆಟ್ ಹಾಕಿಕೊಂಡಳು. "ನಮ್ಮ ಹುಡುಗಿ ಸ್ವಲ್ಪ ಪುಕ್ಕಲು. ಹತ್ತಮ್ಮ, ಹೊತ್ತಾಯ್ತು."

ಗುಬ್ಬಿ ಸೀಟು ನೋಡಿದಳು, ಅಂಕಲ್ ಮುಖ ನೋಡಿದಳು. ಎರಡೂ ಭಯವೇ. ಆದರೆ ಸೀಟಿನ ಭಯ ದೊಡ್ಡದು.

"ಅಂಕಲ್," ಎಂದಳು. ದನಿ ಹೊರಗೆ ಬಂತೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ. "ನೀವು ಮುಂದೆ ಕೂತಿದ್ರಿ. ಮುಂದೆ ಕೂತವರಿಗೆ ಗೊತ್ತಾಗಲ್ಲ. ಅಮ್ಮಂಗೂ ಗೊತ್ತಾಗಲ್ಲ. ನೀವು ಹಿಂದೆ ಕೂತು ನೋಡಿ."

"ನಾನಾ? ಹಿಂದೇನಾ?" ಅಂಕಲ್ ಗಿರಾಕಿಗಳತ್ತ ತಿರುಗಿ ಜೋರಾಗಿ ನಕ್ಕರು. "ನಾನು ಯಾವತ್ತೂ ಯಾರ ಹಿಂದೇನೂ ಕೂತವನಲ್ಲ."

ಈ ಸಲ ಅಮ್ಮ ಮುಜುಗರಪಡಲಿಲ್ಲ. ಮಗಳನ್ನೇ ನೋಡುತ್ತಿದ್ದಳು. ಆಮೇಲೆ ಬೈಕ್ ಸ್ಟಾರ್ಟ್ ಮಾಡಿ, ಕುತ್ತಿಗೆ ಹೊರಳಿಸಿ, "ಬನ್ನಿ, ಕೂತ್ಕೊಳ್ಳಿ. ಸೇತುವೆ ತಿರುವಿನ ತನಕ ಹೋಗಿ ಬರೋಣ," ಎಂದಳು.

ಅಷ್ಟು ಜನರ ಮುಂದೆ ಒಲ್ಲೆ ಎನ್ನುವುದು ಹೇಗೆ? ಅಂಕಲ್ ಹಿಂದೆ ಹತ್ತಿದರು. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊದಲು ತೊಡೆಯ ಮೇಲಿಟ್ಟರು, ಆಮೇಲೆ ಸೀಟಿನ ಹಿಂದಿನ ಕಂಬಿ ಹಿಡಿದರು. ಬೈಕ್ ಹೊರಟಿತು.

ಅವರು ಮರೆಯಾದ ಮೇಲೆ ಗುಬ್ಬಿಗೆ ಒಂದು ವಿಷಯ ಹೊಳೆಯಿತು. ತನ್ನಂಥ ಸಣಕಲಿ ಕೂತರೇ ಅಷ್ಟು ಅಲ್ಲಾಡುವ ಚಕ್ರ, ಅಂಕಲ್ ಕೂತರೆ ಏನಾಗಬೇಡ?

ಅಮ್ಮನನ್ನು ಕಳಿಸಿದ್ದು ಬೇರೆ ಯಾರೂ ಅಲ್ಲ, ತಾನೇ. ಅವಳು ರಸ್ತೆಯ ಅಂಚಿಗೆ ಓಡಿದಳು. ಒಂದು ಬೈಕ್ ಬಂತು, ಅದು ಯಾರದ್ದೋ. ಇನ್ನೊಂದು ಬಂತು, ಅದೂ ಯಾರದ್ದೋ. ಸೇತುವೆಯ ಕಡೆಯಿಂದ ಯಾವುದೋ ಗಾಡಿ ಕಿರ್ರೆಂದು ಬ್ರೇಕ್ ಹಾಕಿದ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ.

ನಾನು ಹೇಳಿದ್ದು ಸುಳ್ಳಾಗಲಿ. ಚಕ್ರ ಸರಿಯಾಗಿರಲಿ. ಎಲ್ಲರೂ ನಗಲಿ, ಅಣ್ಣ ಜೀವನಪೂರ್ತಿ ಆಡಿಕೊಳ್ಳಲಿ. ಅಮ್ಮ ಬರಲಿ. ಗುಬ್ಬಿ ಇದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ನಿಂತಳು. ಸಣ್ಣ ಮಕ್ಕಳ ಹಾಗೆ ಹೆಬ್ಬೆರಳು ಬಾಯಿಗೆ ಹೋಗಿತ್ತು, ಅವಳಿಗೆ ಅದರ ಪರಿವೆ ಇರಲಿಲ್ಲ.

ಅವರು ಬಂದದ್ದು ನಡೆದುಕೊಂಡು. ಅಂಕಲ್ ಬೈಕ್ ತಳ್ಳುತ್ತಿದ್ದರು, ಅಮ್ಮ ಹೆಲ್ಮೆಟ್ ಕೈಯಲ್ಲಿ ಹಿಡಿದು ಪಕ್ಕದಲ್ಲಿ ಬರುತ್ತಿದ್ದಳು. ಅಂಕಲ್ ಮುಖ ಬಿಳುಚಿಕೊಂಡಿತ್ತು. ಗುಬ್ಬಿ ಓಡಿಹೋಗಿ ಅಮ್ಮನ ಹೊಟ್ಟೆಗೆ ಮುಖ ಒತ್ತಿದಳು.

ಅಂಕಲ್ ಯಾರ ಮುಖವನ್ನೂ ನೋಡದೆ ಬೈಕಿಗೆ ಸ್ಟ್ಯಾಂಡ್ ಹಾಕಿ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಚಕ್ರದ ನಡುವಿನ ದೊಡ್ಡ ನಟ್ಟಿನ ಮೇಲೆ ಬೆರಳಿಟ್ಟರು. ಸ್ಪ್ಯಾನರ್ ಬೇಕಾಗಲೇ ಇಲ್ಲ. ನಟ್ಟು ಬೆರಳಿಗೇ ತಿರುಗಿತು, ಬಾಟಲಿಯ ಮುಚ್ಚಳದ ಹಾಗೆ.

"ಚೈನ್ ಹಾಕ್ದಾಗ ಇದನ್ನ ಕೈಯಲ್ಲೇ ತಿರುಗಿಸಿ ಬಿಟ್ಟಿದ್ದೆ," ಅಂಕಲ್ ನಟ್ಟಿಗೆ ಹೇಳುತ್ತಿರುವಂತೆ ಹೇಳಿದರು. "ಆಮೇಲೆ ಟೈಟ್ ಮಾಡೋಣ ಅಂತ. ಅಷ್ಟರಲ್ಲಿ ಫೋನ್ ಬಂತು."

"ಆ ಸೀಟಲ್ಲಿ ದಿನಾ ನನ್ನ ಮಗಳು ಕೂರ್ತಾಳೆ," ಎಂದಳು ಅಮ್ಮ. ಕೂಗಲಿಲ್ಲ. ಕೂಗಿದ್ದರೇ ಚೆನ್ನಾಗಿತ್ತೇನೋ, ಅಂಕಲ್ ತಲೆ ಇನ್ನೂ ತಗ್ಗಿತು.

ಯಾರೂ ನಗಲಿಲ್ಲ. ಅಂಕಲ್ ಉದ್ದನೆಯ ಸ್ಪ್ಯಾನರ್ ತಂದು, ಉಸಿರು ಬಿಗಿಹಿಡಿದು, ಮೈಭಾರ ಬಿಟ್ಟು ನಟ್ಟು ಬಿಗಿದರು. ಚಕ್ರವನ್ನು ಎರಡೂ ಕೈಯಿಂದ ಹಿಡಿದು ಎಳೆದಾಡಿದರು. ಫೋನ್ ಹೊಡೆದುಕೊಳ್ಳುತ್ತಿತ್ತು, ಎತ್ತಲಿಲ್ಲ.

"ಇನ್ನೊಂದು ರೌಂಡ್ ಹೋಗೋಣ ಮೇಡಂ," ಎಂದರು. "ನಾನೇ ಹಿಂದೆ ಕೂರ್ತೀನಿ."

ಅಮ್ಮ ತಲೆಯಾಡಿಸಿದಳು. "ಬೇಡ. ಇವಳು ಕೂರಲಿ. ಇವಳಿಗೆ ಗೊತ್ತಾಗುತ್ತೆ."

ಗುಬ್ಬಿ ಬಿಗಿದ ನಟ್ಟನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದಳು. ಆಮೇಲೆ ಹತ್ತಿದಳು. ಅಮ್ಮನ ಸೊಂಟ ಹಿಡಿದಾಗ ಕೈಗೆ ಏನೋ ತಿಳಿಯಿತು. ಅಮ್ಮ ನಡುಗುತ್ತಿದ್ದಳು.

"ಅಮ್ಮಾ, ನಿಂಗೂ ಹೆದರಿಕೆ ಆಯ್ತಾ?"

"ಹೂಂ. ತಿರುವಲ್ಲಿ ಇಬ್ರೂ ಬಿದ್ವಿ ಅಂತಾನೇ ಅಂದ್ಕೊಂಡೆ. ಇನ್ನೂ ಹೋಗಿಲ್ಲ ನೋಡು ಹೆದರಿಕೆ."

ಅಮ್ಮನಿಗೆ ಹೆದರಿಕೆ ಎಂಬುದೊಂದು ಇರಬಹುದೆಂದು ಗುಬ್ಬಿ ಎಂದೂ ಎಣಿಸಿರಲಿಲ್ಲ. ಅವಳು ಆ ನಡುಗುವ ಸೊಂಟವನ್ನು ಇನ್ನಷ್ಟು ಒತ್ತಿ ಹಿಡಿದಳು, ಈ ಸಲ ಅಮ್ಮನಿಗಾಗಿ.

ಬೈಕ್ ನಿಧಾನವಾಗಿ ಹೊರಟಿತು. ತಿರುವು ಹತ್ತಿರ ಬಂತು. ಗುಬ್ಬಿ ಕಣ್ಣು ತೆರೆದೇ ಇದ್ದಳು, ಮೈಯೆಲ್ಲ ಕಿವಿಯಾಗಿ ಸೀಟನ್ನು ಕೇಳುತ್ತಿದ್ದಳು. ಹೊಟ್ಟೆಯಲ್ಲಿ ತಳಮಳ ಇದ್ದೇ ಇತ್ತು. ಅದು ಅವಳದ್ದೇ, ಅವಳಿಗೆ ಹಳೆಯ ಪರಿಚಯ. ಸೀಟಿನ ಕೆಳಗೆ ಮಾತ್ರ ಏನೂ ಇರಲಿಲ್ಲ.

"ಹೇಳು, ಹೇಗಿದೆ?" ಅಮ್ಮ ಕೇಳಿದಳು. ನಡೆದು ಹೋಗುವವರೂ ಅವರನ್ನು ದಾಟಿ ಹೋಗುತ್ತಿದ್ದರು, ಅಮ್ಮ ಅವಸರ ಮಾಡಲಿಲ್ಲ. ಕಾಯುತ್ತಿದ್ದಳು.

ಗುಬ್ಬಿ ತಿರುವು ಪೂರ್ತಿ ಮುಗಿಯಲಿ ಎಂದು ತಾನೂ ಕಾದಳು.

"ನನ್ನ ಹೊಟ್ಟೇಲಿ ಇನ್ನೂ ಅಲ್ಲಾಡ್ತಿದೆ," ಎಂದಳು. "ಚಕ್ರದಲ್ಲಿ ಇಲ್ಲಮ್ಮ. ಹೋಗೋಣ."

ಅಮ್ಮ ಗೇರ್ ಬದಲಿಸಿದಳು.