ಮೂರನೇ ತಿರುವು

"ತಿರುಗು, ತಿರುಗು, ತಿರುಗೋ!"

ಗಿರಗಿಟ್ಲೆ ಕೀಬೋರ್ಡನ್ನು ಒತ್ತಿಯೇ ಒತ್ತಿದಳು. ಸ್ಕ್ರೀನಿನ ಮೇಲಿನ ಕೆಂಪು ಕಾರು ಗಕ್ಕನೆ ನಿಂತಿತು, ಬಿಕ್ಕಳಿಸಿತು, ಆಮೇಲೆ ನೇರ ಹೋಗಿ ಗೋಡೆಗೆ ಗುದ್ದಿ, ಕೊನೆಗೆ ತಿರುಗಿತು.

"ನೋಡಿದ್ಯಾ ಅಜ್ಜಾ? ನಾನು ಒತ್ತಿದ್ದು ಯಾವಾಗ, ಇದು ತಿರುಗಿದ್ದು ಯಾವಾಗ!"

ಪಕ್ಕದ ಕುರ್ಚಿಯಲ್ಲಿದ್ದ ಅಜ್ಜ ಕನ್ನಡಕ ಸರಿಮಾಡಿಕೊಂಡರು. ಮೂವತ್ತೆರಡು ವರ್ಷ ಬಸ್ಸು ಓಡಿಸಿ ರಿಟೈರ್ ಆದವರು ಅವರು. ಕೂತಲ್ಲಿ ಕೂರದ ಮೊಮ್ಮಗಳಿಗೆ ಗಿರಗಿಟ್ಲೆ ಅಂತ ಹೆಸರಿಟ್ಟವರೂ ಅವರೇ.

ಐದು ಗಂಟೆಗೆ ರೇಸ್ ಇತ್ತು. ಕ್ಲಾಸಿನ ನಾಲ್ಕು ಜನ ಸೇರಿ ಒಂದು ಟೀಮ್ ಮಾಡಿಕೊಂಡಿದ್ದರು. ಅವರವರ ಮನೆಯಿಂದಲೇ ಆಡುವುದು. ಎರಡು ವಾರದಿಂದ ಗಿರಗಿಟ್ಲೆಯೇ ಎಲ್ಲರಿಗಿಂತ ಕೊನೆ. ಇವತ್ತು ಶಾಲೆಯಲ್ಲಿ ಅವರ ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. "ದಿನಾ ಲ್ಯಾಗ್ ಲ್ಯಾಗ್, ಕಂಪ್ಯೂಟರ್ ನಿಧಾನ ಅಂತೀಯ. ಇವತ್ತೂ ಹಿಂಗೇ ಆದ್ರೆ ನಿನ್ ಬದ್ಲು ಬೇರೆಯವ್ರನ್ನ ತಗೋತೀವಿ."

ಕ್ಯಾಪ್ಟನ್ ಅಂದರೆ ಬೇರೆ ಯಾರೋ ಅಲ್ಲ, ಒಂದನೇ ಕ್ಲಾಸಿನಿಂದ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ಅದಕ್ಕೇ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

"ಇನ್ನೂ ನಾಲ್ಕೂ ಕಾಲು," ಅಂದರು ಅಜ್ಜ. "ಗಾಡಿ ಎಳೀತಿಲ್ಲ ಅಂದ್ರೆ ಮೊದ್ಲು ಏನ್ ನೋಡ್ಬೇಕು ಹೇಳು? ಇಂಜಿನ್ ಕಾದಿದ್ಯಾ ಅಂತ."

ಮೇಜಿನ ಕೆಳಗೆ ತೂರಿ, ಮಗುವಿನ ಜ್ವರ ನೋಡುವ ಹಾಗೆ ಸಿಪಿಯು ಡಬ್ಬಿಯ ಮೇಲೆ ಕೈಯಿಟ್ಟರು.

"ತಣ್ಣಗಿದೆಯಲ್ಲ!"

ಆದರೂ ಇರಲಿ ಅಂತ ಸ್ವಿಚ್ ಆಫ್ ಮಾಡಿಸಿ, ಹಳೇ ಪೇಂಟ್ ಬ್ರಷ್ಷಿನಿಂದ ಫ್ಯಾನಿನ ಜಾಲರಿಯ ಧೂಳನ್ನೆಲ್ಲ ಗುಡಿಸಿದರು. ಅಜ್ಜ ಮೊಮ್ಮಗಳು ಇಬ್ಬರೂ ಸೀನಿದ್ದೇ ಸೀನಿದ್ದು.

ಮತ್ತೆ ಆನ್ ಮಾಡಿದರು. ಗೇಮಿನ ಮೂಲೆಯಲ್ಲಿ ಒಂದು ಅಂಕಿ ಕಾಣುತ್ತದೆ. ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿವೆ ಅನ್ನುವ ಲೆಕ್ಕ ಅದು. ಅರವತ್ತರ ಹತ್ತಿರ ಇದ್ದರೆ ಕಾರು ನುಣ್ಣಗೆ ಓಡುತ್ತದೆ. ಇಲ್ಲಿ ಹದಿನೆಂಟಿತ್ತು.

"ಒಳಗೆ ಪ್ಯಾಸೆಂಜರ್ ಎಷ್ಟು ಜನ?"

"ಅಂದ್ರೆ?"

"ಒಂದೇ ಸಲಕ್ಕೆ ಏನೇನು ತೆರೆದಿಟ್ಟಿದ್ದೀಯ ಅಂತ."

ಗಿರಗಿಟ್ಲೆ ಎಣಿಸಿದಳು. ಹಾಡು ಒಂದು, ವಿಡಿಯೋ ಎರಡು, ಅರ್ಧ ಬರೆದ ಹೋಂವರ್ಕು, ಇನ್ನೂ ಏಳು ಟ್ಯಾಬು.

"ಅಯ್ಯೋ, ಫುಟ್‌ಬೋರ್ಡ್ ಮೇಲೆಲ್ಲ ನೇತಾಡ್ತಿದಾರೆ! ಇಳ್ಸು ಎಲ್ರನ್ನೂ."

ಇಳಿಸಿದಳು. ಗೇಮಿನೊಳಗಿನ ಮರಗಳ ನೆರಳನ್ನೂ ತೆಗೆದುಹಾಕಿದಳು. ಅಂಕಿ ಇಪ್ಪತ್ತೆರಡಕ್ಕೆ ಬಂದು ಅಲ್ಲೇ ಕಚ್ಚಿಕೊಂಡಿತು.

ಗಂಟೆ ನಾಲ್ಕೂ ಐವತ್ತು. ಗಿರಗಿಟ್ಲೆಯ ಕಣ್ಣು ತುಂಬಿತು. "ಡಬ್ಬಾ ಕಂಪ್ಯೂಟರ್! ಗುಜರಿಗೆ ಹಾಕ್ಬೇಕು ಇದನ್ನ."

"ಗಾಡಿಗೆ ಬಯ್ಯಬಾರ್ದು ಕಣೇ."

"ಸುಮ್ನಿರಜ್ಜಾ!"

ಸೆಟ್ಟಿಂಗ್ಸ್ ತೆಗೆದು ಸಿಕ್ಕಿದ್ದನ್ನೆಲ್ಲ ಒತ್ತುತ್ತಾ ಹೋದಳು. ಒಂದು ಪುಟ, ಇನ್ನೊಂದು ಪುಟ, ಮತ್ತೊಂದು. ಯಾವುದನ್ನೂ ಸರಿಯಾಗಿ ಓದುವಷ್ಟು ತಾಳ್ಮೆ ಅವಳಿಗಿರಲಿಲ್ಲ.

"ತಡಿ ತಡಿ," ಅಂದರು ಅಜ್ಜ. "ಹಿಂದಿನ ಪುಟಕ್ಕೆ ಹೋಗು."

ಹೋದಳು. ಅಲ್ಲಿ 'ಪವರ್ ಸೇವರ್' ಅನ್ನುವುದರ ಮುಂದೆ ಗುರುತು ಬಿದ್ದಿತ್ತು. ಕರೆಂಟು ಉಳಿಸುವುದಕ್ಕಾಗಿ ಕಂಪ್ಯೂಟರು ಬೇಕಂತಲೇ ನಿಧಾನವಾಗಿ ಓಡುತ್ತಿತ್ತು!

"ಇದನ್ನ ಯಾರು ಒತ್ತಿದ್ರು?"

ಅಜ್ಜನ ದನಿ ಇಳಿಯಿತು. "ನಾನೇ ಒತ್ತಿದ್ದು ಮಗಾ. ಎರಡು ವಾರದ ಹಿಂದೆ ಒಂದಿನ ಬೆಳಿಗ್ಗೆ ಇದ್ರಲ್ಲಿ ಪೇಪರ್ ಓದೋಕೆ ಅಕ್ಷರ ದೊಡ್ಡದು ಮಾಡೋಣ ಅಂತ ಹುಡುಕ್ತಿದ್ದೆ. ಸೇವರ್ ಅಂತ ಕಂಡ್ತು. ಡೀಸೆಲ್ ಉಳಿಸಿ ಉಳಿಸಿ ಅಭ್ಯಾಸ ಆದ ಕೈ ನೋಡು, ಸುಮ್ನಿರ್ಲಿಲ್ಲ. ನಿನ್ ಕಾರಿನ ಕಾಲು ಕಟ್ತಿದೀನಿ ಅಂತ ದೇವರಾಣೆ ಗೊತ್ತಿರ್ಲಿಲ್ಲ."

ಕಡಿಮೆ ಡೀಸೆಲ್‌ನಲ್ಲಿ ಬಸ್ಸು ಓಡಿಸಿದ್ದಕ್ಕೆ ಡಿಪೋದಲ್ಲಿ ಮೂರು ಸಲ ಬಹುಮಾನ ಪಡೆದ ಅಜ್ಜ, ಈಗ ಹೋಂವರ್ಕ್ ಮರೆತ ಹುಡುಗನ ಹಾಗೆ ಕೂತಿದ್ದರು.

ಎರಡು ವಾರ! ಗಿರಗಿಟ್ಲೆಗೆ ಕಿವಿ ಬಿಸಿಯಾಗುವಷ್ಟು ಸಿಟ್ಟು ಬಂತು. ಆದರೆ ಆ ಪುಟವನ್ನು ಅವಳು ಆಗಲೇ ದಾಟಿ ಹೋಗಿದ್ದಳು. ಅಜ್ಜ ಬಾಯಿ ಬಿಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಅವರ ಮುಖ ನೋಡನೋಡುತ್ತ ಸಿಟ್ಟಿಗಿಂತ ಮುದ್ದೇ ಜಾಸ್ತಿ ಬಂತು.

"ನಾಲ್ಕನೇ ಬಹುಮಾನ ಬೇಕಿತ್ತಾ ನಿಂಗೆ?" ಅಂದಳು.

ಅಜ್ಜ ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಗಿರಗಿಟ್ಲೆ ಗುರುತು ಬದಲಿಸಿದಳು. ಅಂಕಿ ಐವತ್ತೆಂಟಕ್ಕೆ ಹಾರಿತು.

ಹೆಡ್‌ಸೆಟ್ ಹಾಕಿಕೊಳ್ಳುವುದಕ್ಕೂ ರೇಸ್ ಶುರುವಾಗುವುದಕ್ಕೂ ಸರಿಹೋಯಿತು. ಕಾರು ಹೇಳಿದ ಮಾತು ಕೇಳುತ್ತಿತ್ತು! ಒಂದನೇ ತಿರುವು ದಾಟಿತು, ಎರಡನೆಯದೂ ದಾಟಿತು. ಪಕ್ಕದಲ್ಲಿ ಅಜ್ಜನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಗಿರಗಿಟ್ಲೆ ಖುಷಿಯಲ್ಲಿ ಮೈಮರೆತಳು. ಮೂರನೇ ತಿರುವಿನಲ್ಲಿ ಕಾರು ಢಮಾರ್ ಅಂತ ಗೋಡೆಗೆ ಗುದ್ದಿತು.

ಸಾವರಿಸಿಕೊಂಡು ಓಡಿಸಿದಳು. ಎರಡೂ ಟೀಮಿನ ಎಂಟು ಜನರಲ್ಲಿ ಆರನೆಯವಳಾದಳು.

"ಮೂರನೇ ತಿರುವಲ್ಲಿ ಏನಾಯ್ತೇ?" ಕಿವಿಯಲ್ಲಿ ಕ್ಯಾಪ್ಟನ್ ದನಿ. "ಮತ್ತೆ ಲ್ಯಾಗಾ?"

'ಹೂಂ' ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಅಂದರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ. ಕ್ಯಾಪ್ಟನ್ ಕೇಳಿದ್ದು ಅಜ್ಜನಿಗೂ ಕೇಳಿಸಿಲ್ಲ. ಗಿರಗಿಟ್ಲೆ ಅಜ್ಜನ ಕಡೆ ನೋಡಿದಳು.

"ಇಲ್ಲ ಕಣೇ," ಅಂದಳು. "ಲ್ಯಾಗ್ ಇರ್ಲಿಲ್ಲ. ಕಂಪ್ಯೂಟರ್ ಸರಿಯಾಗೇ ಇತ್ತು. ನಾನೇ ಬ್ರೇಕ್ ಲೇಟಾಗಿ ಹಾಕ್ದೆ."

ಗಿರಗಿಟ್ಲೆ ಹೆಡ್‌ಸೆಟ್ಟನ್ನು ಕಿವಿಗೆ ಒತ್ತಿ ಹಿಡಿದಳು.

"ಅಲ್ಲಿ ನಾನೂ ನಿನ್ನೆ ಮೂರು ಸಲ ಗುದ್ದಿದೀನಿ," ಅಂದಳು ಕ್ಯಾಪ್ಟನ್. "ನಾಳೆ ನಾಲ್ಕೂವರೆಗೇ ಬಾ. ಇಬ್ರೂ ಪ್ರಾಕ್ಟೀಸ್ ಮಾಡೋಣ."

ಗಿರಗಿಟ್ಲೆ ಹೆಡ್‌ಸೆಟ್ ತೆಗೆದಿಟ್ಟಳು.

"ಏನಂತೆ?" ಅಜ್ಜ ಕೇಳಿದರು.

"ನಾಳೆ ಬೇಗ ಬರ್ಬೇಕಂತೆ."

'ನಾನೇ' ಅನ್ನುವ ಅಷ್ಟು ಚಿಕ್ಕ ಮಾತು ಹೇಳುವುದು ಎಷ್ಟು ಕಷ್ಟವಾಗಿತ್ತು! ಸ್ವಲ್ಪ ಹೊತ್ತಿನ ಮುಂಚೆ ಅಜ್ಜನಿಗೂ ಹೀಗೇ ಆಗಿರಬೇಕು ಅನ್ನಿಸಿತು. ಗಿರಗಿಟ್ಲೆ ತನ್ನ ಕುರ್ಚಿಯನ್ನು ಅಜ್ಜನ ಹತ್ತಿರಕ್ಕೆ ಎಳೆದುಕೊಂಡಳು.