ಅಮೊನೈಟಿಗೆ ಅಭಿಷೇಕ

ಬೋರ್ಡಿನಲ್ಲಿ ‘ಮುಟ್ಟಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಆ ಮನುಷ್ಯ ಮುಟ್ಟಲಿಲ್ಲ, ನಿಜ. ಚಪ್ಪಲಿ ಕಳಚಿಟ್ಟು, ಸುರುಳಿ ಸುತ್ತಿದ ಕಲ್ಲಿನ ಮೇಲೆ ಬಾಟಲಿಯ ನೀರನ್ನು ಭಕ್ತಿಯಿಂದ ಎರೆದ!

“ಎಂತ ಮಾಡ್ತಿದ್ದೀರಿ ಮಾರಾಯ್ರೆ? ಅದು ಅಮೊನೈಟ್. ಕೋಟಿಗಟ್ಟಲೆ ವರ್ಷ ಹಿಂದಿನ ಸಮುದ್ರಜೀವಿಯ ಪಳೆಯುಳಿಕೆ!”

“ನಮ್ಮಲ್ಲಿ ಇಂಥದ್ದಕ್ಕೆ ಸಾಲಿಗ್ರಾಮ ಅಂತೇವೆ. ದಿನಾ ಅಭಿಷೇಕ ಮಾಡಿ ಅಭ್ಯಾಸ. ಕೈ ತಾನಾಗಿ ಹೋಯ್ತು.” ಕಿವಿಯವರೆಗೂ ಕೆಂಪಾಗಿದ್ದ.

ನನಗೆ ನಗು ತಡೆಯಲಾಗಲಿಲ್ಲ. ಈ ಫಾಸಿಲ್ ಪಾರ್ಕಿನಲ್ಲಿ ಗೈಡ್ ಆಗಿ ಎರಡು ವರ್ಷವಾಯಿತು. ಕಲ್ಲಿನ ಮೇಲೆ ಹೆಸರು ಗೀಚುವವರನ್ನು ಕಂಡಿದ್ದೆ, ಅಭಿಷೇಕ ಮಾಡುವವರನ್ನು ಕಂಡಿರಲಿಲ್ಲ.

ಹೆಸರು ಹರಿಕೃಷ್ಣ. ಮನೆ ಶಕ್ತಿನಗರ. ಬೆಳಿಗ್ಗೆ ತಂದೆಯ ಜೊತೆ ದೇವಸ್ಥಾನದ ಪೂಜೆ, ಆಮೇಲೆ ಕಾಲೇಜಿನಲ್ಲಿ ಪಾಠ. ಅಂದಿನಿಂದ ಪ್ರತಿ ಆದಿತ್ಯವಾರ ಬಂದರು. ಗುಡ್ಡದ ಟ್ರೇಲ್ ಇಪ್ಪತ್ತು ನಿಮಿಷದ್ದು, ನಮಗೆ ಮಾತ್ರ ಒಂದೂವರೆ ಗಂಟೆ ಬೇಕಾಗುತ್ತಿತ್ತು. ನಾನು ಕಲ್ಲು ತೋರಿಸಿದರೆ ಅವರು ನನ್ನ ಬೆರಳು ನೋಡುತ್ತಿದ್ದರು. ಗೊತ್ತಾಗದವಳಂತೆ ನಾನು ಇನ್ನಷ್ಟು ಹೊತ್ತು ತೋರಿಸುತ್ತಿದ್ದೆ.

ಐದನೆಯ ಆದಿತ್ಯವಾರ, ಗುಡ್ಡದ ತುದಿಯ ಬೆಂಚಿನಲ್ಲಿ ಕೂತು ಹೇಳಿಯೇಬಿಟ್ಟೆ. “ಇವತ್ತು ಸಂಜೆ ನನ್ನನ್ನು ನೋಡ್ಲಿಕ್ಕೆ ಹುಡುಗನ ಮನೆಯವರು ಬರ್ತಾರೆ.”

ಅವರ ಮುಖ ಬಾಡಿತು. “ನಿಮಗೆ ಇಷ್ಟ ಉಂಟಾ?”

“ಅಪ್ಪನಿಗೆ ಇಷ್ಟ.” ಆಮೇಲೆ ನಾನೇ ಕೇಳಿದೆ. “ನಮ್ಮದು ಬಂದರಿನ ದಕ್ಕೆಯಲ್ಲಿ ಮೀನು ವ್ಯಾಪಾರ, ನಿಮಗೆ ಗೊತ್ತುಂಟು. ನನ್ನ ದುಪಟ್ಟಾದಲ್ಲೂ ಬಂಗುಡೆ ವಾಸನೆ. ನಿಮ್ಮ ಮನೆಯವರು ಹೊಸಿಲು ದಾಟ್ಲಿಕ್ಕೆ ಬಿಡ್ತಾರಾ?”

“ನಿನ್ನೆಯೇ ಅಪ್ಪನ ಹತ್ತಿರ ನಿಮ್ಮ ವಿಷಯ ಹೇಳಿದೆ ದೀಕ್ಷಿತಾ. ಇನ್ನು ಗರ್ಭಗುಡಿಗೆ ಬರ್ಬೇಡ ಅಂದ್ರು. ಇವತ್ತು ಪೂಜೆ ಅವರೊಬ್ಬರೇ ಮಾಡಿದ್ರು.”

“ನನ್ನನ್ನು ಕೇಳದೆ ಅವರಿಗೆ ಹೇಳಿದ್ದಾ? ನಾನು ಬೇಡ ಅಂದಿದ್ರೆ?”

“ಬೇಡ ಅಂದ್ರೂ ನನ್ನ ಮನಸ್ಸಿನಲ್ಲಿ ಇರುವುದು ನೀವೇ ಅಲ್ವಾ? ದೇವರ ಎದುರು ನಿಂತು ಎಷ್ಟು ದಿನ ಮುಚ್ಚಿಡ್ಲಿ?”

ಉಪನಯನವಾದಂದಿನಿಂದ ಮಾಡಿದ ಪೂಜೆಯನ್ನು, ನನ್ನ ಉತ್ತರಕ್ಕೂ ಕಾಯದೆ, ಕಳೆದುಕೊಂಡು ಬಂದಿದ್ದರು. ಇಂಥ ಪೆದ್ದನನ್ನು ಪ್ರೀತಿಸದೆ ಇರುವುದು ಹೇಗೆ? ಕಣ್ಣೊರೆಸಿಕೊಂಡು ಅಪ್ಪನಿಗೆ ಫೋನ್ ಮಾಡಿದೆ. ದಕ್ಕೆಯ ಗಲಾಟೆಯಲ್ಲಿ ಎರಡು ಸಲ ಕೂಗಿ ಹೇಳಬೇಕಾಯಿತು. ಟ್ರೇಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಅಪ್ಪಾ, ಸಂಜೆ ಅವರಿಗೆ ಬರುವುದು ಬೇಡ ಅಂತ ಹೇಳಿ. ನನಗೆ ಶಕ್ತಿನಗರದ ಭಟ್ರ ಮಗನೇ ಆಗ್ಬೇಕು!”

ಆ ಕಡೆ ಅಪ್ಪ ತಕ್ಕಡಿಯನ್ನು ಯಾರಿಗೋ ಒಪ್ಪಿಸಿ ಗಲಾಟೆಯಿಂದ ಆಚೆ ಬರುವುದು ಕೇಳಿಸಿತು. ಹರಿಕೃಷ್ಣರು ನನ್ನ ಕೈ ಹಿಡಿದುಕೊಂಡರು, ಮೊದಲ ಸಲ.

ಕೊನೆಗೆ ಅಪ್ಪ ಕೇಳಿದರು: “ಮೀನು ತಿನ್ನದ ಅಳಿಯನಿಗೆ ಎಂತ ಬಡಿಸುವುದು ಮಗಳೇ?”